ಗೊಬ್ಬರದ ಗುಂಡಿಯಲ್ಲಿ ಇಂಗ್ಲಿಷ್ ಮೇಷ್ಟ್ರು

ಕುಟ್ಟದ ನಮ್ಮ ಹೋಂಸ್ಟೇಗೆ ಬಂದವರಿಗೆ ನಾನು ಮೊದಲು ತೋರಿಸುವುದು ಬೆಟ್ಟದ ನೋಟ. ಹಾಸನ ಕಡೆಯಿಂದ ಬಂದ ನಮ್ಮತ್ತೆ ತೋರಿಸುವುದು ಗೊಬ್ಬರದ ಗುಂಡಿ. ಕಾಫಿ ತೋಟದವರ ಅಂತಸ್ತು ಗೊತ್ತಾಗುವುದೇ ಅದರಲ್ಲಿ ಎಂದು ಅವರ ನಂಬಿಕೆ.

ಇಂಗ್ಲೆಂಡಿನಿಂದ ಬಂದಿದ್ದ ನಿವೃತ್ತ ಮೇಷ್ಟ್ರನ್ನೂ ಅತ್ತೆ ಬಿಡಲಿಲ್ಲ. ನಾನು ಕಾಫಿ ಹಿಡಿದು ಹೊರಗೆ ಬರುವಷ್ಟರಲ್ಲಿ ಮೇಷ್ಟ್ರ ಬಲಗಾಲು ಮೊಣಕಾಲಿನವರೆಗೆ ಸಗಣಿಯಲ್ಲಿ ಹೂತುಹೋಗಿತ್ತು. “ಮಕ್!” ಎಂದು ಕೂಗಿದರು. ಹೋಯ್ತು ನಮ್ಮ ರೇಟಿಂಗು ಅಂದುಕೊಂಡೆ.

“ಏನಂತೆ?” ಅತ್ತೆ ಕೇಳಿದರು.

“ಹೊಲಸು ಅಂತಿದಾರೆ.”

ಅತ್ತೆಯ ಮುಖ ಗಂಟಾಯಿತು. ಅದನ್ನು ನೋಡಿ ಮೇಷ್ಟ್ರು, ಕಾಲು ಗುಂಡಿಯಲ್ಲಿರುವಾಗಲೇ, ಪಾಠ ಶುರುಮಾಡಿದರು. ಮಕ್ ಅಂದರೆ ಈಗ ಎಲ್ಲ ಹೊಲಸೂ ಹೌದು. ಆದರೆ ಬಹಳ ಹಿಂದೆ ಉತ್ತರದ ಜನ ಸಮುದ್ರ ದಾಟಿ ಇಂಗ್ಲೆಂಡಿಗೆ ಆ ಪದ ತಂದಾಗ ಅದರ ಅರ್ಥ ಹಸುವಿನ ಸಗಣಿ, ಅಷ್ಟೇ.

ನಾನು ಕನ್ನಡದಲ್ಲಿ ಹೇಳಿದೆ. “ಅಂಗಾರೆ ಮೊದ್ಲು ಸರಿಯಾಗೇ ಇತ್ತು,” ಅಂದರು ಅತ್ತೆ. “ಆಮೇಲೆ ಯಾರೋ ದನ ಸಾಕದೋರು ಕೆಡ್ಸವ್ರೆ.”

ಅದನ್ನು ಇಂಗ್ಲಿಷಿಗೆ ತಿರುಗಿಸಿದ್ದೇ ತಡ, ಮೇಷ್ಟ್ರು ನಕ್ಕ ರಭಸಕ್ಕೆ ಇನ್ನೊಂದು ಕಾಲೂ ಇಳಿಯಿತು.

ಮೇಲಕ್ಕೆಳೆದು ನಲ್ಲಿಯ ಕಡೆ ಕರೆದೊಯ್ಯುತ್ತಿದ್ದೆ. ಅತ್ತೆ ಅಡ್ಡ ಬಂದು, ಅವರನ್ನು ಕಾಳುಮೆಣಸಿನ ಬಳ್ಳಿಯ ಬುಡದಲ್ಲಿ ನಿಲ್ಲಿಸಿ, ಬಿಂದಿಗೆಯಿಂದ ನೀರು ಸುರಿದು ತಾವೇ ಕಾಲು ತೊಳೆದರು. ಇಂಥ ಅತಿಥಿಸತ್ಕಾರ ಎಲ್ಲೂ ಕಂಡಿಲ್ಲವೆಂದು ಮೇಷ್ಟ್ರು ಕೈಮುಗಿದರು.

“ನಲ್ಲೀಲಿ ತೊಳುದ್ರೆ ಗೊಬ್ಬರ ದಂಡ ಅಲ್ವಾ?” ಅಂದರು ಅತ್ತೆ.

ಅದೊಂದನ್ನು ನಾನು ಅನುವಾದಿಸಲಿಲ್ಲ.