ಒಂದು ಡಬ್ಬಿ ಬೂದಿ

ಮೊನ್ನೆ ಪಿಂಚಣಿಯ ಕಾಗದ ಹುಡುಕಲು ಹಳೆಯ ಟ್ರಂಕು ತೆಗೆದೆ. ತಳದಲ್ಲಿ, ಅವ್ವನ ಹಸಿರು ಸೀರೆಯ ಮಡಿಕೆಯೊಳಗೆ, ನಶ್ಯದ ಡಬ್ಬಿಯೊಂದು ಸಿಕ್ಕಿತು. ಇಷ್ಟು ವರ್ಷವಾದರೂ ತಗಡಿಗೆ ನಶ್ಯದ ಘಾಟು ಹಾಗೇ ಇತ್ತು. ಮೂಗಿನ ಹತ್ತಿರ ಹಿಡಿದೆ, ಎರಡು ಸಲ ಸೀನಿದೆ. ಸೀನು ನಿಲ್ಲುವ ಮೊದಲೇ ನಮ್ಮ ವಿಜ್ಞಾನದ ಮಾಸ್ತರು ನೆನಪಾದರು. ಮುಚ್ಚಳದ ಸುತ್ತ ಅವರೇ ಸುರಿದ ಕೆಂಪು ಅರಗು ಇನ್ನೂ ಅಂಟಿಕೊಂಡಿತ್ತು.

ಮಾಸ್ತರು ಕುರುಗೋಡಿನ ಶಾಲೆಯಲ್ಲಿ ನನಗೆ ಕಲಿಸಿದವರು. ಗೌರವದಿಂದ ಬರೆಯೋಣವೆಂದು ಕೂತರೆ ಕೈ ಓಡುವುದಿಲ್ಲ. ಊರಿಗೆಲ್ಲ ತಾನೊಬ್ಬನೇ ಬುದ್ಧಿವಂತ ಎಂದು ತಿಳಿದ ಮನುಷ್ಯ. ಎದುರಿನವರು ಮಾತು ಮುಗಿಸುವ ಮೊದಲೇ ತೋರುಬೆರಳು ಮೇಲೆ ಏಳುತ್ತಿತ್ತು, 'ಪುರಾವಿ ಎಲ್ಲೈತಿ?' ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು. ಮಗು ಹೊಟ್ಟೆನೋವು ಎಂದು ಅತ್ತರೂ ಪುರಾವೆ ಕೇಳುವ ಪೈಕಿ. ಪುರಾಣದ ರಾಕ್ಷಸ ಬಂಡಿಗಟ್ಟಲೆ ಅನ್ನ ತಿನ್ನುತ್ತಿದ್ದ ಎಂದರೆ, ಅವನ ಹೊಟ್ಟೆಯ ಸುತ್ತಳತೆ ಎಷ್ಟಿರಬೇಕೆಂದು ನಮ್ಮಿಂದ ಬೋರ್ಡಿನ ಮೇಲೆ ಲೆಕ್ಕ ಮಾಡಿಸುತ್ತಿದ್ದರು. ಉತ್ತರ ಬಂದ ಮೇಲೆ ಒಂದು ಚಿಟಿಕೆ ನಶ್ಯ ಏರಿಸಿ, ಇಡೀ ತರಗತಿ ನಗುವವರೆಗೂ ಕಾಯುತ್ತಿದ್ದರು. ನಾವು ನಗುತ್ತಿದ್ದೆವು. ನಗದಿದ್ದರೆ ಅಂಕ ಹೋಗುತ್ತಿತ್ತು.

ಶ್ರಾವಣ ಬಂತೆಂದರೆ ಮಠದ ಕಟ್ಟೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಪುರಾಣ. ಹೇಳುತ್ತಿದ್ದವರು ಒಬ್ಬ ಅಯ್ಯನವರು. ಬಡಕಲು ದೇಹ, ದೊಡ್ಡ ದನಿ. ಹೊಲವಿಲ್ಲ, ಕೇಳುವವರು ತಂದುಕೊಟ್ಟ ಜೋಳದಲ್ಲೇ ಅವರ ವರ್ಷದ ಊಟ. ನನ್ನ ಅವ್ವ ವಿಧವೆ. ವರ್ಷವೆಲ್ಲ ಕೂಲಿಗೆ ಹೋಗಿ ಬಗ್ಗಿದ ಬೆನ್ನನ್ನು ಆ ಒಂದು ತಿಂಗಳು, ಇದ್ದೊಂದು ಒಳ್ಳೆಯ ಹಸಿರು ಸೀರೆ ಉಟ್ಟು, ಮಠದ ಗೋಡೆಗೆ ಆನಿಸಿ ಕೂರುತ್ತಿದ್ದಳು. ಅವಳ ಮುಖ ಸಡಿಲವಾದದ್ದನ್ನು ನಾನು ಕಂಡಿದ್ದು ಅಲ್ಲಿ ಮಾತ್ರ. ಮಾಸ್ತರೂ ಬರುತ್ತಿದ್ದರು, ಮುಂದಿನ ಸಾಲಿಗೇ, ಬೆರಳು ಎತ್ತುವುದಕ್ಕೆ. ಮಳೆ ಬಂದು ಭಕ್ತರೆಲ್ಲ ಮನೆಯಲ್ಲಿ ಉಳಿದ ದಿನವೂ ಅವರು ತಪ್ಪಿಸಿಕೊಂಡವರಲ್ಲ.

ಎಪ್ಪತ್ತರ ದಶಕದ ಒಂದು ಶ್ರಾವಣ. ಆ ಸಂಜೆ ರಾಕ್ಷಸನ ವಧೆಯ ಕಥೆ. ಅವನನ್ನು ಸುಟ್ಟ ಬೂದಿ ಇವತ್ತಿಗೂ ಸಂಗನಕಲ್ಲಿನಲ್ಲಿ ದಿಬ್ಬವಾಗಿ ಬಿದ್ದಿದೆ ಎಂದರು ಅಯ್ಯನವರು. ನಮ್ಮ ಕಡೆ ಹಿರಿಯರೆಲ್ಲ ಹೇಳುತ್ತಿದ್ದ ಮಾತೇ ಅದು. ಮಾಸ್ತರ ಬೆರಳು ಎದ್ದಿತು. ಅಷ್ಟು ವರ್ಷ ನಕ್ಕು ಮುಂದೆ ಹೋಗುತ್ತಿದ್ದ ಅಯ್ಯನವರಿಗೆ ಅಂದು ಏನಾಯಿತೋ...

"ಬೂದಿ ತಂದು ಪರೀಕ್ಷಾ ಮಾಡಿಸ್ರಿ ಮಾಸ್ತರ್ರ. ಎಲಬಿನ ಬೂದಿ ಅಲ್ಲ ಅಂತ ಬಂದ್ರ ಈ ಪೀಠದ ಮ್ಯಾಲ ಮತ್ತ ಕುಂದ್ರಂಗಿಲ್ಲ," ಅಂದುಬಿಟ್ಟರು.

"ಎಲಬಿಂದ ಅಂತ ಬಂದ್ರ ನಾ ದಿನಾ ಬಂದು ಕೈ ಮುಗದು ಪುರಾಣ ಕೇಳ್ತೀನಿ," ಅಂದರು ಮಾಸ್ತರು.

ದಿನಾ ಬರುವವರೇ ಆಗಿದ್ದರು, ಕೈ ಮುಗಿಯುವುದೊಂದು ಬಾಕಿ. ನನಗೆ ಇಬ್ಬರ ಮೇಲೂ ಅಸಹ್ಯವಾಯಿತು. ದೇವರ ಮಾತು ಸುಳ್ಳೆಂದು ತೋರಿಸಲು ಬೂದಿ ಕೆದಕುವ ಚಪಲ ಒಬ್ಬರಿಗೆ. ಆ ಚಪಲಕ್ಕೆ ಸಿಕ್ಕು ಇಡೀ ಪುರಾಣವನ್ನೇ ಒಂದು ಹಿಡಿ ಬೂದಿಯ ಮೇಲೆ ಪಣಕ್ಕಿಟ್ಟ ಇನ್ನೊಬ್ಬರ ಹುಂಬತನಕ್ಕೆ ಏನೆನ್ನಬೇಕು.

ಆಗ ನಾನು ಬಳ್ಳಾರಿಯ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್. ಗಾಜಿನ ನಳಿಕೆ ತೊಳೆಯುವುದು, ಸ್ಪಿರಿಟ್ ದೀಪಕ್ಕೆ ಬತ್ತಿ ಹಾಕುವುದು, ಇಷ್ಟೇ ನನ್ನ ವಿಜ್ಞಾನ. ದಿನಾ ಕುರುಗೋಡಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಆ ಕೆಲಸ ಸಿಕ್ಕಿದ್ದು ಮಾಸ್ತರ ಶಿಫಾರಸಿನಿಂದ, ಅದನ್ನು ಅವರು ಸಿಕ್ಕಲ್ಲೆಲ್ಲ ನೆನಪಿಸುತ್ತಿದ್ದರು. ಅವರೇ ಸಂಗನಕಲ್ಲಿಗೆ ಹೋಗಿ ಖಾಲಿ ನಶ್ಯದ ಡಬ್ಬಿಯಲ್ಲಿ ಬೂದಿ ತುಂಬಿಕೊಂಡು ಬಂದರು. ಮಠದ ಕಟ್ಟೆಯ ಮೇಲೆ ಎಲ್ಲರ ಎದುರಿಗೆ ಅರಗು ಕಾಯಿಸಿ ಸುರಿದು, ಮೇಲೆ ತಮ್ಮ ಉಂಗುರ ಒತ್ತಿದರು. "ಯಾರೂ ಕಲಬೆರಕಿ ಮಾಡಬಾರ್ದು ನೋಡು ತಮ್ಮ," ಎಂದು ನನ್ನ ಕೈಗೆ ಕೊಟ್ಟರು.

ನಮ್ಮ ಲೆಕ್ಚರರ್ ಡಬ್ಬಿಯನ್ನೂ ನೋಡಿದರು, ನನ್ನನ್ನೂ ನೋಡಿದರು. "ಬೂದಿ ಇದ್ರೆ ಪಾತ್ರೆ ತಿಕ್ಕಯ್ಯ. ಇಂಥವಕ್ಕೆಲ್ಲ ಇಲ್ಲಿ ಸಾಮಾನಿಲ್ಲ," ಎಂದು ಒಳಗೆ ಹೋದರು. ಎಂಟು ದಿನ ಡಬ್ಬಿ ಆಸಿಡ್ ಸೀಸೆಗಳ ಹಿಂದೆ ಕೂತಿತ್ತು. ದಿನಾ ಸಂಜೆ ನಾನು ಬಸ್ಸಿಳಿಯುವಾಗ ಮಾಸ್ತರು ನಿಂತಿರುತ್ತಿದ್ದರು, "ಏನಾತಲೇ?" ಎನ್ನುತ್ತ. ನನ್ನಿಂದಾಗದು ಎನ್ನಬಹುದಿತ್ತು. ಆದರೆ ಊರೆಲ್ಲ ನನ್ನನ್ನು ದೊಡ್ಡ ಸೈಂಟಿಸ್ಟ್ ಎಂದು ತಿಳಿದಿತ್ತು, ಆ ಮರ್ಯಾದೆ ಬಿಡಲು ಮನಸ್ಸಾಗಲಿಲ್ಲ. ಒಂಬತ್ತನೆಯ ದಿನ ಕಾಲೇಜಿನ ಹಾಳೆಯೊಂದನ್ನು ಎಳೆದುಕೊಂಡು, ಇದು ದನದ ಸಗಣಿಯ ಬೂದಿ, ಇದರಲ್ಲಿ ಎಲುಬಿನ ಅಂಶ ಇಲ್ಲ ಎಂದು ಬರೆದೆ. ಮಾಸ್ತರಿಗೆ ಬೇಕಾದ ಉತ್ತರ ಅದೇ ಎಂದು ಗೊತ್ತಿತ್ತು. ಕೆಳಗೆ ಲ್ಯಾಬಿನ ಠಸ್ಸೆ ಒತ್ತಿದೆ. ಡಬ್ಬಿಯ ಅರಗಿಗೆ ಉಗುರು ಕೂಡ ತಾಗಿಸಿರಲಿಲ್ಲ. ಮನೆಗೆ ತಂದು ಟ್ರಂಕಿನಲ್ಲಿ ನನ್ನ ಹಳೆಯ ಪುಸ್ತಕಗಳ ಅಡಿಗೆ ತಳ್ಳಿದೆ.

ಜೀವಮಾನವೆಲ್ಲ ಪುರಾವೆ ಕೇಳಿದ ಮನುಷ್ಯ ಆ ಚೀಟಿಗೆ ಒಂದೇ ಒಂದು ಪ್ರಶ್ನೆ ಹಾಕಲಿಲ್ಲ. ಯಾವ ಪರೀಕ್ಷೆ, ಯಾರು ಮಾಡಿದ್ದು, ಡಬ್ಬಿ ಎಲ್ಲಿ... ಏನೂ ಇಲ್ಲ. ಠಸ್ಸೆ ಕಂಡದ್ದೇ ಮುಖ ಅರಳಿತು. ಕಟ್ಟೆಯಲ್ಲಿ ಎದ್ದು ನಿಂತು ಎರಡು ಸಲ ಓದಿದರು, ಕಿವಿ ಮಂದವಾದವರಿಗಾಗಿ ಮೂರನೆಯ ಸಲ.

ಹೆಂಗಸರ ಕಡೆಯಿಂದ ಮೊದಲು ಎದ್ದದ್ದು ನನ್ನ ಅವ್ವನ ದನಿ. "ಸಗಣಿ ಬೂದಿ ಅಂದ್ರ ಇಬೂತಿ ಆತಲ್ರಿ ಮಾಸ್ತರ. ದಿನಾ ಹಣಿಗೆ ಹಚ್ಗೆಂತೀವಿ. ಅದರಾಗ ಸುಳ್ಳೇನೈತಿ?"

ಕಟ್ಟೆಯೆಲ್ಲ ನಕ್ಕಿತು. ಅಯ್ಯನವರು ಆ ನಗೆಯಲ್ಲಿ ಸೇರಿಕೊಂಡು ಉಳಿದುಬಿಡಬಹುದಿತ್ತು, ಎಲ್ಲರೂ ಅದನ್ನೇ ಕಾಯುತ್ತಿದ್ದರು. ಅವರು ಮುಂದಿದ್ದ ಪುರಾಣವನ್ನು ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ, ಪೀಠದಿಂದ ಇಳಿದರು. "ಮಾತು ಕೊಟ್ಟಿದ್ದೆ. ಬರ್ತೀನ್ರೆವ್ವ," ಅಂದರು. ಶ್ರಾವಣ ಮುಗಿಯಲು ಇನ್ನೂ ಹತ್ತು ದಿನ ಇತ್ತು. ಆ ವಾರದಲ್ಲೇ ಸಿರುಗುಪ್ಪದ ಮಗಳ ಮನೆಗೆ ಹೋದರು. ಅಲ್ಲಿ ಅಕ್ಕಿ ಗಿರಣಿಯೊಂದರ ಗೇಟು ಕಾಯುತ್ತಾರೆಂದು ಆಮೇಲೆ ಸುದ್ದಿ ಬಂತು.

ಅಂದು ಮನೆಗೆ ಬಂದ ಮೇಲೆ ಅವ್ವ ಕೇಳಿದಳು, "ನೀನ ಕಣ್ಣಾರೆ ನೋಡೀಯೇನೊ?" ಹ್ಞೂಂ ಅಂದೆ. ಮುಂದಿನ ಶ್ರಾವಣದಿಂದ ಆ ಹೊತ್ತಿಗೆ ಅವಳು ನಮ್ಮ ಹೊಸ್ತಿಲ ಹತ್ತಿರ ಗೋಡೆಗೆ ಬೆನ್ನು ಆನಿಸಿ ಕೂರುತ್ತಿದ್ದಳು. ಸೀರೆ ಬದಲಿಸುತ್ತಿರಲಿಲ್ಲ.

ಆ ದಿಬ್ಬವನ್ನು ಅಗೆದು ನೋಡಿದವರು ಅದು ಸಗಣಿಯ ಬೂದಿ ಎಂದೇ ಬರೆದಿದ್ದಾರೆಂದು ಎಷ್ಟೋ ವರ್ಷದ ಮೇಲೆ ಓದಿದೆ. ನೋಡದೆ ಬರೆದ ಮಾತು ನಿಜವೇ ಆಗಿತ್ತು. ಅದರಿಂದ ನನಗೆ ಎಳ್ಳಷ್ಟೂ ಸಮಾಧಾನವಾಗಲಿಲ್ಲ.

ಗೆದ್ದ ಮಾಸ್ತರ ಗತಿ ನೋಡಬೇಕಿತ್ತು. ಶ್ರಾವಣದ ಸಂಜೆ ಬರಿದಾದ ಕಟ್ಟೆಗೆ ಹೋಗಿ, ಮುಂದಿನ ಸಾಲಿನ ತಮ್ಮ ಜಾಗದಲ್ಲೇ ಕೂರುತ್ತಿದ್ದರು. ಬೆರಳು ಎತ್ತಲು ಎದುರಿಗೆ ಯಾರೂ ಇಲ್ಲ. ಇಡೀ ಪುರಾಣ ಆ ಮನುಷ್ಯನಿಗೆ ಬಾಯಿಪಾಠವಾಗಿತ್ತೆಂದು ನನಗೆ ಆಗ ಗೊತ್ತಾಯಿತು. ಒಬ್ಬರೇ ಕೂತು ಗೊಣಗಿಕೊಳ್ಳುತ್ತಿದ್ದರು. ನನಗೆ ಕನಿಕರ ಬರಲಿಲ್ಲ, ಆಗಬೇಕಾದದ್ದೇ ಆಯಿತು ಎನಿಸಿತು.

ಎಂಬತ್ತರ ಸುಮಾರಿಗೆ, ನಿವೃತ್ತರಾಗಿ ಕಾಲು ಊದಿಕೊಂಡಿದ್ದಾಗ, ನನ್ನನ್ನು ಮನೆಗೆ ಕರೆಸಿದರು. ಬಾಗಿಲು ಮುಂದೆ ಮಾಡಿ ಹತ್ತಿರ ಕೂತರು. "ತಮ್ಮ, ಇನ್ನೊಂದು ಚೀಟಿ ಬರಿ. ಮೊದಲಿನ ಪರೀಕ್ಷಾ ತಪ್ಪಾಗಿತ್ತು ಅಂತ ಬರಿ, ಠಸ್ಸಿ ಹಾಕು. ಹೋಗಿ ಅಯ್ನೋರನ್ನ ಕರಕೊಂಡು ಬರ್ತೀನಿ."

ಸುಳ್ಳು ಚೀಟಿ ಬೇಡುತ್ತಿದ್ದವರು ಯಾರು ನೋಡಿ. ಆ ಕ್ಷಣ ನನಗಾದ ಖುಷಿಯನ್ನು ಇವತ್ತು ಒಪ್ಪಿಕೊಳ್ಳಲು ನಾಚಿಕೆ. "ಪುರಾವಿ ಇಲ್ದ ಹೆಂಗ ಬರೀಲ್ರಿ ಮಾಸ್ತರ?" ಅಂದೆ, ಅವರದೇ ಧಾಟಿಯಲ್ಲಿ, ಬೆರಳನ್ನೂ ಎತ್ತಿ. ಅವರು ತಲೆ ತಗ್ಗಿಸಿದರು. ಡಬ್ಬಿ ತೆರೆದೇ ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೆಲಸ ಹೋದೀತೆಂಬ ಭಯವೂ ಇತ್ತು. ಅದಕ್ಕಿಂತ ಹೆಚ್ಚಾಗಿ, ಆ ತಗ್ಗಿದ ತಲೆಯನ್ನು ನೋಡುವ ಸುಖ ಬಿಡಲಾಗಲಿಲ್ಲ.

ಮರುವಾರ ಅವರೊಬ್ಬರೇ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದರು. ತಿರುಗಿ ಬಂದು ಇಳಿಯುವಾಗ ನಾನು ಬಸ್ ಸ್ಟ್ಯಾಂಡಿನಲ್ಲೇ ಇದ್ದೆ. ಏನಾತ್ರಿ ಎಂದು ಈ ಸಲ ಕೇಳಿದವನು ನಾನು.

"ಪರೀಕ್ಷಾ ತಪ್ಪಿತ್ತು, ಬರ್ರಿ ಅಂದೆ. ನಕ್ರು. ಪುರಾವಿ ಎಲ್ಲೈತ್ರಿ ಮಾಸ್ತರ್ರ ಅಂದ್ರು." ಜೇಬು ತಡಕಿ ನಶ್ಯ ಹುಡುಕಿದರು, ಸಿಗಲಿಲ್ಲ. ಕಾಲೆಳೆಯುತ್ತ ಮನೆಯ ಕಡೆ ನಡೆದರು.

ಪುರಾವೆ ನಮ್ಮ ಟ್ರಂಕಿನಲ್ಲಿತ್ತು. ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಗೆ ಐದು ನಿಮಿಷದ ದಾರಿ. ನಾನು ಹೋಗಿ ತರಲಿಲ್ಲ.

ಅಯ್ಯನವರು ಸಿರುಗುಪ್ಪದಲ್ಲೇ ತೀರಿಕೊಂಡರು, ಅದರ ಮರುವರ್ಷ ಮಾಸ್ತರು. ಅವ್ವನೂ ಹೋದಳು, ಮತ್ತೊಮ್ಮೆ ಪುರಾಣ ಕೇಳದೆ. ಇಷ್ಟು ಹೊತ್ತು ಮಾಸ್ತರನ್ನು ಹೀಯಾಳಿಸಿದೆ. ಆದರೆ ಆ ಮನುಷ್ಯ ತನ್ನ ಗೆಲುವನ್ನು ತಾನೇ ಸುಳ್ಳು ಮಾಡಿಕೊಂಡು, ಊದಿದ ಕಾಲಿನಲ್ಲಿ ಇನ್ನೊಬ್ಬರ ಬಾಗಿಲಿಗೆ ಹೋಗಿದ್ದರು. ಅಷ್ಟು ಕೂಡ ನನ್ನಿಂದ ಆಗಿಲ್ಲ.

ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅರಗಿನ ಮೇಲೆ ಉಂಗುರದ ಗುರುತು ಸ್ಪಷ್ಟವಾಗಿದೆ, ಎಲ್ಲೂ ಬಿರುಕಿಲ್ಲ. ಆಮೇಲೆ ಸೀರೆಯ ಕಡೆ ನೋಡಿದೆ... ನಾನು ಡಬ್ಬಿ ಬಚ್ಚಿಟ್ಟದ್ದು ಪುಸ್ತಕಗಳ ಅಡಿಯಲ್ಲಿ. ಮೊನ್ನೆ ಅದು ಸಿಕ್ಕಿದ್ದು ಅವ್ವ ಪುರಾಣಕ್ಕೆ ಉಟ್ಟು ಹೋಗುತ್ತಿದ್ದ ಹಸಿರು ಸೀರೆಯೊಳಗೆ, ಎರಡು ಸುತ್ತು ಸುತ್ತಿದ ಮಡಿಕೆಯಲ್ಲಿ. ಅರಗು ಒಡೆಯದೇ ಇದ್ದದ್ದನ್ನು ಅವಳು ಕಂಡಿದ್ದಳು. ಕಂಡೂ ನನ್ನನ್ನು ಏನೂ ಕೇಳಲಿಲ್ಲ.