ಹೊಸ ಕಾರ್ಡಿನ ಮೇಲಿನ ಸಂಶಯ

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಾನು ಹುಮನಾಬಾದಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಬಸವಕಲ್ಯಾಣದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಗೆಳೆಯ ಪ್ರತಿ ರವಿವಾರ ಬಸ್ಸಿನಲ್ಲಿ ನನ್ನಲ್ಲಿಗೆ ಬರುತ್ತಿದ್ದ. ಇಬ್ಬರೂ ಸೇರಿ ಪುಟ್ಟದೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೆವು. ಅದರ ತಿರುಳಾದ ಕರ್ನಲ್‌ಗೆ ಉಳಿದ ಪ್ರೋಗ್ರಾಮುಗಳು ‘ನೆಟ್‌ವರ್ಕ್ ಕಾರ್ಡನ್ನು ಶುರು ಮಾಡು, ನಿಲ್ಲಿಸು’ ಎಂದು ಹೇಳುವ ಆಜ್ಞೆಗಳನ್ನು ರೂಪಿಸುವುದು ಆಗಿನ ಕೆಲಸ.

ಒಂದು ರವಿವಾರ ಅವನು ಹೊಸದೆಂದು ತಂದ ಕಾರ್ಡನ್ನು ಹಾಕಿದೆವು. ಪರದೆಯ ಮೇಲೆ ‘ಚಾಲೂ ಇದೆ’ ಎಂದು ಬಂತು. ಆದರೆ ಪಕ್ಕದ ಕಂಪ್ಯೂಟರಿಗೆ ಒಂದಕ್ಷರವೂ ಹೋಗಲಿಲ್ಲ. ಯಾರದೋ ಹಳೇ ಕಾರ್ಡನ್ನು ಒರೆಸಿ ತಂದಿದ್ದಾನೆ ಅನ್ನಿಸಿತು ನನಗೆ. ಅದನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ಗೀರು ಹುಡುಕತೊಡಗಿದೆ.

“ಯಾಕ, ನನ್ನ ಮ್ಯಾಲ ಶಕ್ ಅದ ಏನು?” ಎಂದ.

“ಹಂಗಲ್ಲಪಾ,” ಎಂದೆ. ನನ್ನ ದನಿಯನ್ನು ನಾನೇ ನಂಬುವಂತಿರಲಿಲ್ಲ.

ಅವನು ಕಾರ್ಡನ್ನು ಮತ್ತೆ ಕೂಡಿಸಿ, ಎರಡು ಕಂಪ್ಯೂಟರುಗಳ ನಡುವಿನ ಕೇಬಲನ್ನೇ ಕಿತ್ತು ಕೈಯಲ್ಲಿ ಹಿಡಿದ. “ಈಗ ಕಾರ್ಡ್ ಹೆಂಗದ ಅಂತ ಕರ್ನಲ್‌ಗ ಕೇಳಿ ನೋಡು.”

ಆಗಲೂ ಪರದೆ ‘ಚಾಲೂ ಇದೆ’ ಎಂದೇ ಹೇಳಿತು. ಕರ್ನಲ್ ಕಾರ್ಡನ್ನು ವಿಚಾರಿಸುತ್ತಲೇ ಇರಲಿಲ್ಲ. ನಾವು ಕೊಟ್ಟ ಆಜ್ಞೆಯನ್ನೇ ನಮಗೆ ತಿರುಗಿ ಒಪ್ಪಿಸುತ್ತಿತ್ತು.

ಬೇರೆ ಕೇಬಲ್ ಹಾಕಿದಾಗ ಅಕ್ಷರಗಳು ಆ ಕಡೆ ಮೂಡಿದವು. ಸಂಜೆಯೊಳಗೆ ನಮ್ಮ ಆಜ್ಞೆಗಳಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿದೆವು. ನಾವು ಹೇಳಿದ್ದೇನು ಎಂಬುದು ಒಂದು, ಕಾರ್ಡು ನಿಜಕ್ಕೂ ಹೇಗಿದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಕರ್ನಲ್ ಪ್ರತಿ ಸಲ ಕಾರ್ಡನ್ನೇ ಕೇಳಬೇಕು.

ಕೆಲಸ ಮುಂದುವರಿಯಿತು, ಗೆಳೆಯನೂ ಬರುತ್ತಲೇ ಇದ್ದ. ಆದರೆ ಅಲ್ಲಿಂದಾಚೆ ಏನು ತಂದರೂ ಡಬ್ಬಿಯ ಸೀಲನ್ನು ನನ್ನ ಕಣ್ಣೆದುರೇ ಒಡೆಯುತ್ತಿದ್ದ.