ಕೊಡಲಿ ಆರಿಸುವ ಸಿದ್ಲಿಂಗಪ್ಪ ಮಾವ

ಸಿದ್ಲಿಂಗಪ್ಪ ಮಾವ ಕೊಡಲಿ ನೋಡುವ ಮೊದಲು ಮನುಷ್ಯನ ಕೈ ನೋಡುತ್ತಿದ್ದರು. ಕೂಡ್ಲಿಗಿಯ ನಮ್ಮ ಕಬ್ಬಿಣದ ಸಾಮಾನಿನ ಅಂಗಡಿಗೆ ಯಾರಾದರೂ ಬಂದು ಕೈಗೊಡಲಿ ಬೇಕು ಎಂದರೆ ಸಾಕು, ಮೊಳೆ ಡಬ್ಬಿಗಳ ಪಕ್ಕದ ಸ್ಟೂಲಿನಿಂದ ಎದ್ದು ಬಂದು ಗಿರಾಕಿಯ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಬಿಡುತ್ತಿದ್ದರು. ಅಂಗೈ ಒತ್ತಿ, ಬೆರಳು ಮಡಚಿ, ಮಣಿಕಟ್ಟು ತಿರುವಿ ನೋಡುವರು. ಹೊಸಬರು ಅವರನ್ನು ಶಾಸ್ತ್ರ ಹೇಳುವವರೆಂದೇ ತಿಳಿಯುತ್ತಿದ್ದರು. ಒಬ್ಬ ಪ್ರಾಯದ ಹುಡುಗ, “ನನ್ನ ಮದಿವಿ ಯಾವಾಗ ಆಕ್ಕೈತ್ರಿ?” ಎಂದು ಕೇಳಿಯೇಬಿಟ್ಟ.

“ಮೊದ್ಲು ಕೊಡ್ಲಿ ತಗ. ಹೆಣ್ಣು ಆಮ್ಯಾಲೆ ನೋಡೂಣು,” ಎಂದರು ಮಾವ, ಅವನ ಕೈ ಬಿಡದೆ.

ಜಾಲಿ ಕಡಿಯುವ ಹೆಂಗಸರು ಬಂದರೆ ಕೈ ಹಿಡಿಯುವಂತಿಲ್ಲವಲ್ಲ. ಆಗ ತಮ್ಮ ಊರುಗೋಲನ್ನು ಅವರ ಮುಂದೆ ನಿಲ್ಲಿಸಿ, “ಇದನ್ನ ಒಂದೀಟು ಬಿಗಿ ಹಿಡಿ ಯವ್ವಾ,” ಎನ್ನುವರು. ಹೆಬ್ಬೆರಳು ಎಲ್ಲಿ ಕೂರುತ್ತದೆ, ಕಿರುಬೆರಳು ಸಡಿಲ ಬೀಳುತ್ತದೆಯೇ ಎಂದು ದೂರದಿಂದಲೇ ನೋಡಿ, ಕೊಡಲಿಯ ಹಿಡಿ, ಅಂದರೆ ಕಾವು, ಎಷ್ಟು ದಪ್ಪ ಇರಬೇಕೆಂದು ಹೇಳುವರು.

ಅವರು ನಮ್ಮ ಅಂಗಡಿಯ ಆಳಲ್ಲ, ನಮಗೆ ಸಂಬಂಧಿಕರೂ ಅಲ್ಲ. ಹೊಸಹಳ್ಳಿಯ ಒಕ್ಕಲುತನದವರು, ನಮ್ಮಪ್ಪನ ಗೆಳೆಯರು. ಅಪ್ಪ ಹೋದ ಮೇಲೆ ಅಂಗಡಿ ಮಗಳಾದ ನನ್ನ ಕೈಗೆ ಬಂತು, ಅಂಗಡಿಯ ಜೊತೆಗೆ ಮಾವನೂ ಬಂದರು. ಕೂಡ್ಲಿಗಿಯಲ್ಲಿ ಕೆಲಸ ಇರಲಿ ಬಿಡಲಿ, ಬೆಳಗಿನ ಬಸ್ಸಿಗೆ ಬಂದು ಆ ಸ್ಟೂಲಿನ ಮೇಲೆ ಕೂರುತ್ತಿದ್ದರು.

ಕೊಡಲಿಯನ್ನು ಅವರು ನೋಡುವ ರೀತಿ ನೋಡಿದರೆ ಹೆಣ್ಣು ನೋಡಲು ಬಂದ ಬೀಗರೂ ನಾಚಬೇಕು. ಮೊದಲು ಬಾಗಿಲ ಬಿಸಿಲಿಗೆ ಹೋಗಿ ಕೊಡಲಿಯ ಬಾಯಿಯ ಮೇಲೆ ಕಣ್ಣೋಡಿಸುವರು. ಆಮೇಲೆ ಸುತಳಿ ದಾರಕ್ಕೆ ತೂಗಿಬಿಟ್ಟು ಮೊಳೆಯಿಂದ ಬಡಿಯುವರು. ದನಿ ಗಂಟೆಯಂತೆ ಎಳೆದರೆ ಸರಿ, ಗೊಗ್ಗರಾದರೆ ಒಳಗೆ ಬಿರುಕಿದೆ ಎಂದು ಪಕ್ಕಕ್ಕೆ. ಬಾಯಿಯ ಅಂಚಿಗೆ ಅರ ಹಚ್ಚಿ ಉಜ್ಜುವರು. ಅರ ಸುಮ್ಮನೆ ಜಾರಿದರೆ ಕಬ್ಬಿಣಕ್ಕೆ ಕೊಟ್ಟ ಹದ ಹೆಚ್ಚಾಗಿದೆ, ಮರದ ಗಂಟಿಗೆ ಬಿದ್ದರೆ ಬಾಯಿ ಚಕ್ಕೆ ಏಳುತ್ತದೆ. ಬೆಣ್ಣೆಯಂತೆ ತಿಂದರೆ ಹದವೇ ಇಲ್ಲ, ಬಾಯಿ ಮಡಚುತ್ತದೆ. ಕಾವಿನ ನಾರು ಉದ್ದಕ್ಕೆ ಹರಿದಿರಬೇಕು, ಅಡ್ಡ ಬಂದರೆ ಮುರಿಯುತ್ತದೆ. ಬಣ್ಣ ಬಳಿದ ಕಾವು ಕಂಡರಂತೂ ಅವರಿಗೆ ಸಿಟ್ಟು. “ಬಣ್ಣ ಯಾಕ ಹೊಡದಾನ? ಒಳಗ ಏನೋ ಮುಚ್ಚಬೇಕಾಗೈತಿ,” ಎನ್ನುವರು. ಕೊನೆಗೆ ಕೈಯಲ್ಲಿ ತೂಗಿ ನೋಡುವರು. “ಕೆಲಸ ಕೊಡ್ಲಿ ಮಾಡಬೇಕು, ಕೈ ಬರೇ ದಾರಿ ತೋರಿಸಬೇಕು. ಕೈಯಾ ದುಡಿಯೂದಾದ್ರ ಕೊಡ್ಲಿ ಯಾಕ ಬೇಕು?”

ಇದೆಲ್ಲ ಗಿರಾಕಿಯ ಎದುರಿಗೇ ನಡೆಯುತ್ತಿತ್ತು. ನನ್ನ ಸಾಮಾನಿನಲ್ಲಿ ಅರ್ಧಕ್ಕರ್ಧ ಅಲ್ಲೇ ನಪಾಸು.

“ಮಾವ, ನೀವು ಒಂದಿನ ನನ್ನ ಅಂಗಡಿ ಮುಚ್ಚಸ್ತೀರಿ ನೋಡ್ರಿ,” ಎಂದು ನಾನು ರೇಗುತ್ತಿದ್ದೆ.

“ಮುಚ್ಚಂಗಿಲ್ಲ ಬಿಡವ್ವಾ. ಕೊಡ್ಲಿ ಮುರುದ್ರ ಅವ ತಿರುಗಿ ಬರಂಗಿಲ್ಲ. ಚೊಲೋ ಇದ್ರ ಅವನ ಓಣಿನಾ ಬರ್ತೈತಿ.”

ಒಮ್ಮೆ, ಗುಡ್ಡ ಹತ್ತುವ ಹುಚ್ಚಿನ ಬ್ಯಾಂಕಿನ ಗುಮಾಸ್ತರೊಬ್ಬರು ಮೊಬೈಲಿನಲ್ಲಿ ತರಿಸಿದ ಕೈಗೊಡಲಿಯನ್ನು ತಂದು ತೋರಿಸಿದರು. ಕರಿ ಪ್ಲಾಸ್ಟಿಕ್ಕಿನ ಕಾವು, ಬಾಯಿಗೊಂದು ಚೀಲ. ನನಗೆ ಒಳಗೊಳಗೇ ಖುಷಿ, ಇವತ್ತು ಮಾವ ಈ ಪಾರ್ಸೆಲ್ಲಿನವರ ಮಾನ ಕಳೆಯುತ್ತಾರೆ ಎಂದು. ಮಾವ ದಾರಕ್ಕೆ ತೂಗಿದರು, ಬಡಿದರು, ಅರ ಹಚ್ಚಿದರು, ಗುಮಾಸ್ತರ ಕೈ ಹಿಡಿದು ನೋಡಿದರು. “ಚೊಲೋ ಐತ್ರಿ. ನಮ್ಮ ಯವ್ವನ ಅಂಗಡಿದಕ್ಕಿಂತ ಹದ ಚೊಲೋ ಐತಿ,” ಎಂದರು. ಅವತ್ತು ನಾನು ಅವರಿಗೆ ಚಹಾ ತರಿಸಲಿಲ್ಲ. ಅವರೇ ಎದುರಿನ ಹೋಟೆಲಿನಿಂದ ತರಿಸಿ ನನಗೂ ಒಂದು ಲೋಟ ಇಟ್ಟರು.

ಇಂಥ ಮನುಷ್ಯನಿಗೆ ಒಬ್ಬರೇ ತಮ್ಮ, ಕೊಟ್ರಪ್ಪ, ಅವರೊಂದಿಗೆ ಮಾತಿರಲಿಲ್ಲ. ಆಸ್ತಿ ಪಾಲಾದ ಮೇಲೆ ಇಬ್ಬರ ಹೊಲದ ನಡುವಿನ ಬದುವಿನಲ್ಲಿ ಅವರಪ್ಪ ಹಚ್ಚಿದ ಬೇವಿನ ಮರ ಉಳಿದಿತ್ತು. ತಮ್ಮ ಪರ ಊರಿಗೆ ಹೋಗಿದ್ದಾಗ ಮಾವ ಅದನ್ನು ಕಡಿದರು. ತಿರುಗಿ ಬಂದ ಕೊಟ್ರಪ್ಪ ಬರಿಯ ಬೊಡ್ಡೆ ನೋಡಿ, “ಕೊಡಲಿ ಕಾವು ಕುಲಕ್ಕೆ ಸಾವು ಅಂತ ಹಿರೇರು ಸುಳ್ಳು ಹೇಳಿಲ್ಲ,” ಎಂದರಂತೆ. ಅದೇ ಕೊನೆಯ ಮಾತು. ಹೊಲವನ್ನು ಬೆಳೆಯ ಪಾಲಿನ ಮೇಲೆ ಬೇರೆಯವರಿಗೆ ಕೋರಿಗೆ ಹಾಕಿ, ಹೊಳೆಯ ದಂಡೆಯ ಹಲವಾಗಲಿಗೆ, ಹೆಂಡತಿಯ ತವರಿಗೆ ಹೋಗಿಬಿಟ್ಟರು.

“ಗಿಡಕ್ಕ ಹುಳ ಹತ್ತಿತ್ತವ್ವಾ, ಬೀಳೂದಿತ್ತು,” ಎಂದು ಮಾವ ನನ್ನ ಮುಂದೆ ಅದೆಷ್ಟೋ ಸಲ ಹೇಳಿದ್ದಾರೆ. “ಆದ್ರ ಅವನ್ನ ಕೇಳಿ ಕಡೀಬೇಕಿತ್ತು. ನನ್ನ ಆಸಿ ಒಂದ ಐತಿ ನೋಡು. ಅವನ ಜೋಡಿ ಒಂದ್ಸಲ ಮಾತಾಡಿ ಸಾಯಬೇಕು.”

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಅವರು ತಮ್ಮನಿಗೊಂದು ಕೈಗೊಡಲಿ ಒಯ್ಯುವುದೆಂದು ತೀರ್ಮಾನ ಮಾಡಿದರು. ಕೊಟ್ರಪ್ಪ ಅಲ್ಲಿ ಕುರಿ ಕಟ್ಟಿದ್ದರಂತೆ, ಸೊಪ್ಪು ಕಡಿಯಲು ಬೇಕಾಗುತ್ತದೆ ಎಂದು. ನನ್ನ ಅಂಗಡಿಗೆ ಬಂದ ಮಾಲನ್ನೆಲ್ಲ ಜಾಲಾಡಿದರು, ಒಂದೂ ಪಾಸಾಗಲಿಲ್ಲ. ಕೊನೆಗೆ ಕೊಟ್ಟೂರಿನ ಕುಲುಮೆಯಲ್ಲಿ ಎದುರಿಗೆ ಕೂತು ಹೊಡೆಸಿಕೊಂಡು ಬಂದರು. ಜಾಲಿಯ ಕಾವನ್ನು ತಾವೇ ಕೆತ್ತಿ, ಗಾಜಿನ ಚೂರಿನಿಂದ ಹೆರೆದು, ಎಣ್ಣೆ ಕುಡಿಸಿದರು.

“ಕೈ ನೋಡದ ಹೆಂಗ ಕಾವು ಮಾಡಿದ್ರಿ ಮಾವ?” ಎಂದು ಛೇಡಿಸಿದೆ.

“ಅವನ ಕೈ ನಾ ನೋಡಿಲ್ಲೇನು? ಒಂದ ಗಂಗಾಳದಾಗ ಉಂಡೀವಿ. ಹೆಬ್ಬೆಟ್ಟು ನನಗಿಂತ ದಪ್ಪ ಅವಂದು.”

ಹರಪನಹಳ್ಳಿಗೆ ಸಾಮಾನು ಮುಟ್ಟಿಸುವುದಿತ್ತು. ಗಾಡಿ ನಾನೇ ಓಡಿಸುತ್ತಿದ್ದೆ, ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಗೇ ಹಲವಾಗಲಿಗೆ ಹೋದೆ. ದಾರಿಯುದ್ದಕ್ಕೂ ಅವರು ಮೊದಲ ಮಾತು ಏನಾಡಬೇಕೆಂದು ನನ್ನನ್ನೇ ಕೇಳುತ್ತಿದ್ದರು.

ಕೊಟ್ರಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಚಳಿಯಿಲ್ಲದಿದ್ದರೂ ಬಲ ಭುಜ ಮುಚ್ಚುವಂತೆ ಶಾಲು ಹೊದ್ದಿದ್ದರು. ಏಳಲಿಲ್ಲ. ಅವರ ಹೆಂಡತಿ ಮಾತ್ರ, “ಬರ್ರಿ ಭಾವಾರ, ಚಾ ಮಾಡ್ತೀನಿ,” ಎಂದು ಒಳಗೆ ಓಡಿದರು. ಮಾವನಿಗೆ ದಾರಿಯಲ್ಲಿ ಕಲಿತ ಯಾವ ಮಾತೂ ಬಾಯಿಗೆ ಬರಲಿಲ್ಲ. ನಮ್ಮ ಕಡೆ ಕಬ್ಬಿಣವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ ಬೀಳುತ್ತದೆ ಎನ್ನುತ್ತಾರೆ. ಒಬ್ಬರು ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಇದ್ದ ಜಗಳವೇ ಸಾಕಾಗಿದ್ದ ಮಾವ ಕೊಡಲಿಗೆ ಸುತ್ತಿದ್ದ ಟವೆಲ್ ಬಿಚ್ಚಿ, ಕೊಡಲಿಯನ್ನು ತಮ್ಮನ ಕಾಲ ಮುಂದೆ, ಕಾವು ಅವರ ಕಡೆಗೆ ಬರುವಂತೆ ನೆಲಕ್ಕಿಟ್ಟು ಹಿಂದೆ ಸರಿದು ನಿಂತರು.

ಕೊಟ್ರಪ್ಪ ಅದನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಮುಖವನ್ನು ಹೊಳೆಯ ಕಡೆಗೆ ತಿರುಗಿಸಿಕೊಂಡರು.

ಮಾವ ಕಾದರು. ಗಾಡಿಯ ಹತ್ತಿರ ನಿಂತಿದ್ದ ನನಗೇ ಆ ಹೊತ್ತು ಸಹಿಸಲಾಗಲಿಲ್ಲ. ಕೊನೆಗೆ ಮಾವನೇ ಬಗ್ಗಿ ಕೊಡಲಿ ಎತ್ತಿಕೊಂಡು, “ನಡಿ ಯವ್ವಾ,” ಎಂದರು. ಒಳಗಿನಿಂದ ಚಹಾ ಬರುವ ಮೊದಲೇ ನಾವು ಊರು ದಾಟಿದ್ದೆವು.

ಹರಪನಹಳ್ಳಿ ಹತ್ತಿರ ಬರುವಾಗ ನಾನೇ ಮಾತು ತೆಗೆದೆ. ಯುಗಾದಿಗೆ ಬೇವುಬೆಲ್ಲ ಹಿಡಿದು ಮತ್ತೊಮ್ಮೆ ಹೋಗೋಣ ಎಂದೆ.

“ಇಟ್ಟಿದ್ದನ್ನ ನಾನಾ ಎತ್ತಿಗ್ಯಂಡು ಬಂದೀನಿ. ಮತ್ತ ಯಾವ ಮಾರಿ ತಗಂಡು ಹೋಗ್ಲಿ? ಅವ ತಗಳ್ಳಿಲ್ಲ, ಅದು ಸರಿನಾ ಐತಿ. ತಪ್ಪು ನಂದು.”

ಮರುದಿನ ಆ ಕೊಡಲಿಯನ್ನು, ಮೊದಲು ಬಂದ ಯಾವನೋ ಗಿರಾಕಿಯ ಮುಂದೆ ಇಟ್ಟು, “ಒಯ್ಯಪ್ಪ,” ಎಂದರು. ನಾನು ತಡೆಯುವಷ್ಟರಲ್ಲಿ ಅವನು ಬಸ್ ಹತ್ತಿದ್ದ. ಆಮೇಲೆ ಮಾವ ಅಂಗಡಿಗೆ ಬರುವುದು ಕಡಿಮೆಯಾಯಿತು. ಬಂದರೂ ಕೊಡಲಿಗಳ ಕಡೆ ತಿರುಗುತ್ತಿರಲಿಲ್ಲ. ಬೇಸಿಗೆ ಏರುವ ಹೊತ್ತಿಗೆ, ಎದೆನೋವು ಬಂದು ಹೋಗಿಬಿಟ್ಟರು ಎಂದು ಹೊಸಹಳ್ಳಿಯಿಂದ ಫೋನ್ ಬಂತು.

ಮಣ್ಣಿಗೆ ಹೋದೆ. ಅವರ ಹೊಲದಲ್ಲೇ ಕುಣಿ ತೋಡಿದ್ದರು. ಕೊಟ್ರಪ್ಪ ಬಂದಿದ್ದರು, ಹೆಂಡತಿ ಒಂದು ಕಡೆ, ಅಳಿಯ ಒಂದು ಕಡೆ ಹಿಡಿದು ನಡೆಸಿಕೊಂಡು ಬಂದರು. ಮಣ್ಣು ಹಾಕಲು ಕರೆದಾಗ ಅವರ ಭುಜದ ಶಾಲು ಜಾರಿತು. ಬಲಗೈ ಒಣಗಿ ಜೋತಾಡುತ್ತಿತ್ತು. ಅಳಿಯ ಮಣ್ಣನ್ನು ಎಡಗೈಗೆ ತುಂಬಿಕೊಟ್ಟ, ಅವರು ಅದನ್ನು ಕುಣಿಗೆ ಸುರಿದರು.

ನಾವು ಹಲವಾಗಲಿಗೆ ಹೋಗುವ ಮೊದಲೇ, ದೀಪಾವಳಿಯ ಹೊತ್ತಿಗೇ, ಅವರಿಗೆ ಲಕ್ವ ಹೊಡೆದಿತ್ತಂತೆ. ಹೊಸಹಳ್ಳಿಯವರಿಗೆ ಯಾರೂ ಹೇಳಕೂಡದೆಂದು ಆಣೆ ಹಾಕಿಸಿದ್ದರಂತೆ. ಜನ ಚದುರಿದ ಮೇಲೆ ಅವರ ಹತ್ತಿರ ಹೋಗಿ ಕೂತೆ. “ಅವತ್ತು ಒಂದು ಮಾತು ಹೇಳಬಾರದಾಗಿತ್ತೇನ್ರಿ?” ಎಂದೆ. ಕೇಳಬಾರದಿತ್ತು, ಆದರೆ ಕೇಳದೆ ಇರಲಾಗಲಿಲ್ಲ.

“ಬಗ್ಗಿದ್ರ ಬಿದ್ದು ಬಿಡ್ತಿದ್ದೆ ಯವ್ವಾ. ಅಣ್ಣನ ಮುಂದ ಬೀಳಬಾರದು ಅಂತ ಕುಂತೆ. ಕಣ್ಣಾಗ ನೀರು ಬಂತು, ಮಾರಿ ತಿರುವಿದೆ. ಚಾ ಬರ್ಲಿ, ಆಮ್ಯಾಲೆ ಹೇಳೂಣು ಅಂತಿದ್ದೆ. ತಿರುಗಿ ನೋಡಿದ್ರ ಗಾಡಿ ಹೊಂಟಿತ್ತು.” ಎಡಗೈಯ ಮಣ್ಣನ್ನು ಶಾಲಿಗೆ ಒರೆಸಿಕೊಂಡು ಕೇಳಿದರು, “ಆ ಕೊಡ್ಲಿ ಎಲ್ಲೈತಿ?”

“ಯಾರೋ ಒಯ್ದ್ರು. ಯಾರು ಅಂತ ಗೊತ್ತಿಲ್ರಿ.”

“ಹೋಗ್ಲಿ ಬಿಡು,” ಎಂದರು. “ಅವ ಕೊಡ್ಲಿ ತರಬಾರದಿತ್ತು. ಬರಿಗೈಲೆ ಬಂದಿದ್ರ ಬಾಜೂಕ ಕುಂದ್ರುತಿದ್ದ. ಕುಂತಿದ್ರ ಮಾತು ಬರ್ತಿತ್ತು.”